ಎಲ್ಲ ಪುಟಗಳ ನೆತ್ತಿಯ ಮೇಲೆ ಭಾವ

ನಮ್ಮ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಒಬ್ಬರಿಗೆ ಹೇಳಬೇಕಾದ್ದನ್ನು ಒಬ್ಬರಿಗೇ ಹೇಳುವುದು ಈ ಜನ್ಮದಲ್ಲಿ ಸಾಧ್ಯವಾಗಲಿಲ್ಲ. ಪಾರ್ಲೆಯ ಅವರ ಮನೆ ಬಾಗಿಲಿಗೆ ಒಂದೇ ಚೀಟಿ: ಹಾಲಿನವನಿಗೆ, ಇಸ್ತ್ರಿಯವನಿಗೆ, ಅಕ್ಕನ ಬಿ.ಪಿ. ಗುಳಿಗೆಯ ನೆನಪಿಗೆ. ಅಕ್ಕ ಗುಳಿಗೆ ನುಂಗಿದಳೇ ಎಂದು ಇಸ್ತ್ರಿಯವನು ದಿನಾ ವಿಚಾರಿಸುತ್ತಿದ್ದ.

ಇಂಥವರನ್ನು ಕಾಂದಿವಲಿಯ ಕಾರ್ಖಾನೆಯೊಂದು ಡಿಸ್ಪ್ಯಾಚ್ ವಿಭಾಗದಿಂದ ಎಬ್ಬಿಸಿ ಕಂಪ್ಯೂಟರ್ ಮುಂದೆ ಕೂರಿಸಿತು. ನಾನೂ ಅದೇ ಕೋಣೆಯಲ್ಲಿದ್ದೆ. ಎಂಬತ್ತರ ದಶಕದ ಕೊನೆ ಇರಬೇಕು. ಪ್ರಿಂಟರಿನ ಕಿರಿಚಾಟ ಕಿವಿಯಲ್ಲಿದೆ, ಇಸವಿ ಮಾತ್ರ ಕೇಳಬೇಡಿ. ಮುದ್ರಿಸುವ ಪ್ರತಿ ಪುಟದ ತಲೆಗೂ ಕಂಪನಿಯ ಹೆಸರು, ತಾರೀಖು ಬರಬೇಕು. ಅದನ್ನು ಬರೆದಿಟ್ಟ ಫೈಲು ಒಂದೇ, ಹೆಡರ್ ಅನ್ನುತ್ತಿದ್ದೆವು. ಯಾವ ಪುಟವಾದರೂ ಮೊದಲು ಅದನ್ನು ಕರೆಯಬೇಕು, ಅಂದರೆ ಅದರಲ್ಲಿ ಬರೆದದ್ದು ಎಲ್ಲ ಪುಟಕ್ಕೂ ಅಂಟುತ್ತದೆ. ಒಂದೇ ಪುಟಕ್ಕೆ ಬೇಕಾದ ಸೂಚನೆ ಆ ಪುಟದ ಪ್ರೋಗ್ರಾಮಿನಲ್ಲೇ ಇರಬೇಕೆಂಬುದು ನಿಯಮ. ಭಾವ ಎಲ್ಲವನ್ನೂ ಹೆಡರಿಗೇ ತುಂಬಿದರು.

ಬಾಯ್ಲರ್ ವರದಿ ಬಂದಾಗ ಪ್ರಿಂಟರ್ ಬೀಪ್ ಅನ್ನಬೇಕಿತ್ತು. ಕ್ಯಾಂಟೀನ್ ಪಟ್ಟಿಗೂ ಅಂದಿತು. ಬಾಯ್ಲರಿನವನು ಏದುಸಿರು ಬಿಡುತ್ತ ಓಡಿ ಬಂದು, ಬಟಾಟೆ ಭಾಜಿ ಎಂದು ಓದಿಕೊಂಡು ಹೋದ.

"ಭಾವಾ, ಆ ಬೀಪ್ ಬಾಯ್ಲರ್ ಪುಟಕ್ಕಷ್ಟ ಬೇಕಲ್ಲ?"

"ಇರ್ಲಿ ಬಿಡೊ ತಮ್ಮಾ. ಅವಗೂ ಹಸಿವಿ ಅದ, ಏನ್ ಭಾಜಿ ಅಂತ ಗೊತ್ತಾತಲ್ಲ."

ಆಮೇಲೆ ಕಾರ್ಖಾನೆಯ ಸತ್ಯನಾರಾಯಣ ಪೂಜೆ. ಆಸಿಡ್ ಗೋದಾಮಿನ ಪುಟಕ್ಕೆಂದು ಹಾಕಿದ್ದ ಸಾಲು ಆಹ್ವಾನದ ನೆತ್ತಿಯ ಮೇಲೆ ಮೆರೆಯಿತು: 'ಗ್ಲೋವ್ಸ್ ಇಲ್ಲದೆ ಮುಟ್ಟಬೇಡಿ.' ಪ್ರಸಾದದ ಶಿರಾಕ್ಕೆ ಕಾರ್ಮಿಕರು ರಬ್ಬರ್ ಗ್ಲೋವ್ಸ್ ತೊಟ್ಟು ಸಾಲು ನಿಂತರು. ಎಲ್ಲರೂ ತೊಟ್ಟಿದ್ದರು ಎಂದು ಅಕ್ಕ ಹೇಳುತ್ತಾಳೆ. ನಾನು ಕಂಡದ್ದು ಆರು ಜನ. ಅವಳಂತೂ ಅಲ್ಲಿರಲೇ ಇಲ್ಲ.

ನಮ್ಮ ಕೋಣೆಯ ಮೇಲಿನ ಸಾಹೇಬರು ನನ್ನನ್ನು ಕರೆದರು. "ಸೋಮವಾರದೊಳಗೆ ಹೆಡರ್ ಸಾಫ್ ಮಾಡು. ಒಂದು ಸಾಲು ಹೆಚ್ಚು ಕಂಡರೂ ನಿನ್ನ ಜೀಜಾಜಿ ವಾಪಸ್ ಡಿಸ್ಪ್ಯಾಚಿಗೆ, ಪಾರ್ಸೆಲ್ ಹೊರಲಿಕ್ಕೆ."

ಕೂತು ಕಿತ್ತೆ. ಬೀಪ್ ಬಾಯ್ಲರಿಗೆ, ಗ್ಲೋವ್ಸ್ ಗೋದಾಮಿಗೆ. ತಳದಲ್ಲಿ ನಾಲ್ಕು ಸಾಲು ಉಳಿದವು: ಪುಟ ಕೇಳಿದವರ ನೌಕರಿ ನಂಬರ್ ಹದಿನೇಳಾದರೆ, ಅಕ್ಷರ ದುಪ್ಪಟ್ಟು ಅಗಲ. ಹದಿನೇಳು ಅಂದರೆ ಸ್ಟೋರು ನೋಡಿಕೊಳ್ಳುವ, ಎಲ್ಲರೂ ಕಾಕಾ ಅನ್ನುವ ಮುದುಕ.

"ಇದ್ಯಾಕ ಭಾವಾ?"

ಭಾವ ದನಿ ತಗ್ಗಿಸಿದರು. "ಕಾಕಾಗ ಕಣ್ಣ ಸರಿ ಕಾಣಂಗಿಲ್ಲೊ. ಗೊತ್ತಾದ್ರ ಮನಿಗೆ ಕಳಸ್ತಾರ, ರಿಟೈರ್ ಆಗ್ಲಿಕ್ಕೆ ಇನ್ನ ಎರಡ ವರ್ಷ ಅದ. ಅವ ಯಾವತ್ತ ಯಾವ ಪುಟಾ ಕೇಳ್ತಾನೊ, ನನಗೇನ ಗೊತ್ತು? ಅದಕ್ಕ ಹೆಡರಿನ್ಯಾಗ ಹಾಕೀನಿ."

ಸೋಮವಾರ ಸಾಹೇಬರು ಪರದೆಯ ಮೇಲೆ ಆ ನಾಲ್ಕು ಸಾಲಿಗೇ ಬೆರಳಿಟ್ಟರು. "ಯೆ ಕ್ಯಾ ಹೈ?"

"ಎಲ್ಲ ಪುಟಕ್ಕೂ ಬೇಕಾದದ್ದು, ಸಾಹೇಬ್," ಎಂದೆ.

ಅವರು ಸರಿ ಎಂಬಂತೆ ತಲೆಯಾಡಿಸಿ ಹೊರಟರು. ನನ್ನ ಬೆನ್ನ ಹಿಂದೆ ಭಾವ ಕಾಕಾನ ಅವತ್ತಿನ ಪುಟವನ್ನು ಮುದ್ರಣಕ್ಕೆ ಕೊಟ್ಟರು; ಪ್ರಿಂಟರ್ ಕಿರಿಚಿತು.