ಭಾವನ ದನಿಯಲ್ಲಿ ಬಂದ ಫೋನು

ನಮ್ಮ ಭಾವನವರು ಒಂದು ಮಾತನ್ನು ಪೂರ್ತಿಯಾಗಿ ಆಡಿದ್ದನ್ನು ಕೇಳಿದವರು ಇಡೀ ನಾರಾಯಣಪೇಟೆಯಲ್ಲಿ ಯಾರಾದರೂ ಇದ್ದರೆ ತಿಳಿಸಿ, ನಾನೇ ಮಕ್ತಲ್‌ನಿಂದ ಬಸ್ಸು ಹತ್ತಿ ಬಂದು ಅವರಿಗೆ ಶಾಲು ಹೊದಿಸುತ್ತೇನೆ! "ಅದನ್ನ ಅಲ್ಲಿಂದ ತಂದು ಇದರಾಗ ಹಾಕು" ಅನ್ನುವುದು ಅವರ ದಿನನಿತ್ಯದ ಭಾಷೆ. ಯಾವುದನ್ನ? ಎಲ್ಲಿಂದ? ಕೇಳಿದಿರೋ, "ಅಷ್ಟೂ ತಿಳಿಯಂಗಿಲ್ಲೇನು?" ಅಂತ ನಮಗೇ ಗದರಿಕೆ. ತಿಳಿಯುತ್ತಿದ್ದದ್ದು ನಮ್ಮ ಅಕ್ಕನಿಗೆ ಮಾತ್ರ. ಅವರು "ಅದು..." ಅಂತ ಬಾಯಿ ತೆರೆಯುವಷ್ಟರಲ್ಲಿ ಆಕೆ ಕನ್ನಡಕ ತಂದು ಮೂಗಿನ ಮೇಲೆ ಕೂಡಿಸಿಬಿಡುತ್ತಿದ್ದಳು.

ಹೋದ ವರ್ಷ ಅಕ್ಕ ತೀರಿಕೊಂಡಳು. ಮನೆಯ ಮುಂದಿನ ಕೋಣೆಯಲ್ಲೇ ಇದ್ದ ಭಾವನವರ ಸೀರೆ ಅಂಗಡಿಯ ಅರ್ಧ ಕೆಲಸ ಆಕೆಯದೇ ಆಗಿತ್ತು. ಇವರ ಪರೇಶಾನಿ ನೋಡಲಾರದೆ ಪರಿಚಯದವರೊಬ್ಬರು ಕಂಪ್ಯೂಟರಿನಲ್ಲಿ ಒಂದು ಏಜೆಂಟ್ ಕೂಡಿಸಿಕೊಟ್ಟರು. ಮನುಷ್ಯ ಏಜೆಂಟ್ ಅಲ್ಲ, ತಾನೇ ಯೋಚಿಸಿ ಕೆಲಸ ಮಾಡುವ ಎಐ! ಅದರ ಕೈಗೆ ಒಂದಿಷ್ಟು ಸಲಕರಣೆಗಳು: ಪಾರ್ಸೆಲ್ ಬುಕ್ ಮಾಡುವುದೊಂದು, ಗಿರಾಕಿಗಳಿಗೆ ಫೋನ್ ಹಚ್ಚುವುದೊಂದು, ಹೀಗೆ. ಒಂದೊಂದರ ಮುಂದೆಯೂ ಇದು ಏನು ಮಾಡುತ್ತದೆ, ಯಾವಾಗ ಬಳಸಬೇಕು, ಯಾವಾಗ ಬಳಸಬಾರದು ಅಂತ ಬಿಡಿಸಿ ಬರೆಯಬೇಕು. "ನೀವು ಬರದಷ್ಟ ಅದಕ್ಕ ಗೊತ್ತಾಗತೈತ್ರಿ. ಮನಸಿನ್ಯಾಗ ಇದ್ದದ್ದು ಬಿಲ್ಕುಲ್ ಗೊತ್ತಾಗಂಗಿಲ್ಲ" ಅಂತ ಹೇಳಿ ಅವರು ಹೋದರು. ಬರೆಯಬೇಕಾದವರು ಯಾರು? ನಮ್ಮ ಭಾವ!

ಪಾರ್ಸೆಲ್ಲಿನ ಮುಂದೆ ಬರೆದರು: "ಬೇಕಂದವರಿಗೆ ಕಳಿಸು." ಮುಗಿಯಿತು! ಧರೂರಿನ ಹೆಣ್ಣುಮಗಳೊಬ್ಬಳು ಫೋಟೋಗಳನ್ನು ನೋಡಿ "ಅಯ್ಯ, ಎಲ್ಲಾನೂ ಬೇಕನಸ್ತಾವ್ರಿ" ಅಂತ ಬರೆದಿದ್ದೇ ತಡ, ಮೂಟೆಗಟ್ಟಲೆ ಸೀರೆ ಬಸ್ಸಿನಲ್ಲಿ ಧರೂರಿಗೆ ಹೋಯಿತು. ಹಿಂದೆಮುಂದೆ ನೋಡದೆ ಕಟ್ಟಿಕೊಟ್ಟವರೂ ಭಾವನವರೇ! ಆಕೆಯ ಗಂಡ ಮೂಟೆ ನೋಡಿ ಹೊಸ್ತಿಲ ಮೇಲೇ ಕುಸಿದು ಕೂತನಂತೆ.

ಫೋನಿನ ಮುಂದೆ ಸ್ವಲ್ಪ ಉದ್ದ ಬರೆದರು: "ಭಾಳ ದಿನದಿಂದ ಬರದವರಿಗೆ ಹಚ್ಚು. ಯಾಕ ಬರವಲ್ರಿ ಅಂತ ಕೇಳು. ಬರಾಕ ಆಗದಿದ್ದರ ನಾವ ಅಲ್ಲಿಗೆ ಬರತೀವಿ ಅನ್ನು." ಗಿರಾಕಿಗಳಿಗೆ ಗುರುತು ಹತ್ತಲಿ ಅಂತ ಏಜೆಂಟ್ ಕೂಡಿಸಿದವರು ಅದಕ್ಕೆ ಭಾವನವರ ದನಿಯನ್ನೇ ಕೊಟ್ಟಿದ್ದರು.

ಈಗ ನೀವೇ ಹೇಳಿ, ಎಲ್ಲರಿಗಿಂತ ಭಾಳ ದಿನದಿಂದ ಬರದವರು ಯಾರು? ಸತ್ತವರು!

ನಮ್ಮ ಮಕ್ತಲ್‌ನವರೇ ಒಬ್ಬರು ಬಿಳಿಚಿಕೊಂಡ ಮುಖ ಹೊತ್ತು ಅಂಗಡಿಗೆ ಬಂದರು. "ಸಾಹುಕಾರ್ರ, ನಮ್ಮವ್ವ ಹೋಗಿ ವರ್ಷದ ಮ್ಯಾಲಾತು. ಆಕಿ ಫೋನಿಗೆ ದಿನಾ ಹಚ್ಚಿ 'ನಾವ ಅಲ್ಲಿಗೆ ಬರತೀವಿ' ಅಂತೀರಿ. ಅಲ್ಲಿಗೆ ಹೋಗಾಕ ನಿಮಗ್ಯಾಕ ಅಷ್ಟು ಜಲ್ದಿ?"

"ಹಂಗಲ್ಲ, ಅದು..." ಅಂದರು ಭಾವ. ಬಂದವರು ಜೇಬಿನಿಂದ ಬೀರಪ್ಪ ದೇವರ ಭಂಡಾರದ ಅರಿಶಿನ ತೆಗೆದು ಕಂಪ್ಯೂಟರಿನ ಹಣೆಗೆ ಹಚ್ಚಿ, ತಿರುಗಿ ನೋಡದೆ ಹೋದರು.

ಭಾವ ತಿದ್ದಿದರು: "ಹೋದವರಿಗೆ ಹಚ್ಚಬ್ಯಾಡ." ಪಾಪ, ಅದಕ್ಕೇನು ಗೊತ್ತು, ಎಲ್ಲಿಗೆ ಹೋದವರು ಅಂತ? ಗದ್ವಾಲಿಗೆ ಮನೆ ಬದಲಿಸಿ ಹೋದವರಿಗೆಲ್ಲ ಫೋನ್ ನಿಲ್ಲಿಸಿಬಿಟ್ಟಿತು! ಕಾರಣ ತಿಳಿದ ಒಬ್ಬಾಕೆ ಸಿಡಿದೆದ್ದಳು: "ನಾವು ಗದ್ವಾಲಕ್ಕ ಹೋಗೀವ್ರಿ, ಮ್ಯಾಲ ಹೋಗಿಲ್ಲ!" ಮೇಲೆ ಹೋದವರಿಗೆ ಮಾತ್ರ ಫೋನು ತಪ್ಪದೆ ಹೋಗುತ್ತಲೇ ಇತ್ತು.

ಆ ದಿನ ನಾನು ಅಲ್ಲೇ ಇದ್ದೆ. "ಸತ್ತವರಿಗೆ ಅಂತ ಬಾಯಿಬಿಟ್ಟು ಬರೀರಿ ಭಾವ" ಅಂದೆ.

"ಆ ಮಾತು ಈ ಮನ್ಯಾಗ ಬ್ಯಾಡ."

"ಮತ್ತ ಅದಕ್ಕ ಹೆಂಗ ತಿಳೀಬೇಕು?"

"ತಿಳಿಯೋರಿಗೆ ತಿಳೀತಿತ್ತು" ಅಂದವರು ಕಿಟಕಿಯ ಕಡೆ ಮುಖ ಮಾಡಿದರು.

ಬೆಳಗಿನ ಹೊತ್ತೆಲ್ಲ ಕೂತು, ಅಳಿಸಿ, ಮತ್ತೆ ಬರೆದು, ಕೊನೆಗೆ ಓದಿ ತೋರಿಸಿದರು: "ಬ್ಯಾರೆಯವರು ಫೋನ್ ಎತ್ತಿದರ, ನೀವು ಅವರಿಗೆ ಏನಾಗಬೇಕು ಅಂತ ಕೇಳು. ಅವರು ಇಲ್ಲ ಅಂತ ತಿಳಿದರ ಸೀರಿ ಮಾತು ಎತ್ತಬ್ಯಾಡ. ಊಟ ಆತೇನು ಅಂತ ಕೇಳು. ಮುಂದ ಆ ನಂಬರಿಗೆ ಎಂದೂ ಹಚ್ಚಬ್ಯಾಡ." ನನಗೆ ಬೆರಗಾಯಿತು. ಇಷ್ಟು ಸ್ಪಷ್ಟವಾಗಿ ಬರೆಯಲು ಬರುತ್ತಿದ್ದರೆ ಇಷ್ಟು ವರ್ಷ ನಮ್ಮನ್ನೆಲ್ಲ ಯಾಕೆ ಗೋಳಾಡಿಸಿದರು!

ಮಧ್ಯಾಹ್ನ ಊಟಕ್ಕೆ ಕೂತೆವು. ಭಾವ ರೊಟ್ಟಿ ಮುರಿಯುತ್ತಿದ್ದರೇ ಹೊರತು ಬಾಯಿಗಿಡುತ್ತಿರಲಿಲ್ಲ. ಅಷ್ಟರಲ್ಲಿ ಒಳಗಿನ ಕೋಣೆಯಿಂದ ಫೋನ್ ಸದ್ದು. ಅಕ್ಕನ ಅಲಮಾರಿಯೊಳಗಿಂದ! ಹೊಸ ಮಾಲು ಬಂದಾಗಲೆಲ್ಲ ಭಾವ ಅಂಗಡಿಯ ಲೆಕ್ಕದಲ್ಲಿ ಮೊದಲ ಸೀರೆ ಅಕ್ಕನ ಹೆಸರಿಗೇ ಬರೆಯುತ್ತಿದ್ದರು. ಗಿರಾಕಿಗಳಲ್ಲಿ ಆಕೆಯೂ ಒಬ್ಬಳು, ಭಾಳ ದಿನದಿಂದ ಬಾರದವಳು. ಆದರೆ ಹೋದ ವರ್ಷ ಹೋದವಳ ಫೋನಿಗೆ ಇವತ್ತಿನವರೆಗೆ ಚಾರ್ಜ್ ಹಾಕುತ್ತಿದ್ದವರು ಯಾರು? ನಾನು ಭಾವನ ಮುಖ ನೋಡಿದೆ. ಅವರು ರೊಟ್ಟಿ ನೋಡಿದರು.

ಫೋನನ್ನು ಹೊರಗೆ ತಂದು, ಎತ್ತಿ, ಸ್ಪೀಕರ್ ಒತ್ತಿದೆ. "ನಮಸ್ಕಾರ್ರಿ. ಭಾಳ ದಿನ ಆತು. ಯಾಕ ಬರವಲ್ರಿ?"

ಭಾವನ ದನಿ! ಭಾವ ನನ್ನೆದುರಿಗೇ ಬಾಯಿ ಮುಚ್ಚಿ ಕೂತಿದ್ದಾರೆ. ಅತ್ತಲಿಂದ ದನಿ ಮೆಲ್ಲಗೆ ಮುಂದುವರಿಯಿತು: "ಬರಾಕ ಆಗದಿದ್ದರ ನಾವ ಅಲ್ಲಿಗೆ ಬರತೀವಿ."

ಭಾವನವರು ಎಲ್ಲಿ "ಹೂಂ" ಅಂದುಬಿಡುತ್ತಾರೋ ಅಂತ ನನಗೆ ಹೆದರಿಕೆ. ಕಟ್ ಮಾಡಲು ಬೆರಳು ಇಡುವಷ್ಟರಲ್ಲಿ ಅವರು ಫೋನ್ ತೆಗೆದುಕೊಂಡರು.

"ಆಕಿ ಬರಂಗಿಲ್ಲ" ಅಂದರು.

"ನೀವು ಅವರಿಗೆ ಏನಾಗಬೇಕ್ರಿ?" ಅಂತ ಅವರದೇ ದನಿ ಅವರನ್ನು ಕೇಳಿತು.

ಭಾವ ಕೈಲಿದ್ದ ರೊಟ್ಟಿಯನ್ನು ತಾಟಿಗೆ ಇಟ್ಟರು. "ನಾನು ಆಕಿ ಗಂಡ. ಆಕಿ ಸತ್ತಾಳ."

"ತಿಳೀತ್ರಿ" ಅಂದಿತು ದನಿ. ಆಮೇಲೆ, "ನಿಮ್ಮದು ಊಟ ಆತೇನ್ರಿ?"

"ಇಲ್ಲ" ಅಂದರು ಭಾವ. "ರೊಟ್ಟಿ ಗಂಟಲದಾಗ ಇಳಿಯವಲ್ದು. ಸಾರು ಖಾರ ಆಗೈತಿ. ಖಾರ ಆದರ ಆಕಿ ಮಜ್ಜಿಗಿ ಹಾಕತಿದ್ಲು. ನಾ ಕೇಳತಿದ್ದಿಲ್ಲ, ಆಕಿನ ಹಾಕತಿದ್ಲು..."

ಅತ್ತ ಕಡೆ ಫೋನ್ ಆಗಲೇ ಕಟ್ ಆಗಿತ್ತು. ನಾನು ಎದ್ದು ಹೋಗಿ ಗಡಿಗೆಯಿಂದ ಮಜ್ಜಿಗೆ ತಂದು ಅವರ ತಾಟಿಗೆ ಹಾಕಿದೆ. ಅವರು ಫೋನನ್ನು ಕಿವಿಗೆ ಹಿಡಿದುಕೊಂಡೇ ಒಂದು ತುತ್ತು ಉಂಡರು.