ಅತ್ತೆ ಹೂಡಿದ ಇಂಗ್ಲಿಷು

ಇಂಡಿ ತಾಲ್ಲೂಕಿನಲ್ಲಿ ಕೇಂದ್ರ ಸರ್ಕಾರದ ಮೇಲೆ ಇಂಗ್ಲಿಷಿನಲ್ಲಿ ಸಿಟ್ಟಾಗುವ ಅತ್ತೆ ಇರುವುದು ನನಗೊಬ್ಬನಿಗೇ. ಬೇಕಾದರೆ ಪಣ ಕಟ್ಟಿ. ಆದರೆ ಮೊದಲೇ ಹೇಳಿಬಿಡುತ್ತೇನೆ, ಸೋಲುವ ಪಣ ಕಟ್ಟುವ ಮನುಷ್ಯ ನಾನಲ್ಲ. ಬಸ್ ಸ್ಟ್ಯಾಂಡಿನ ಹೊರಗೆ ಬುಟ್ಟಿ ಇಟ್ಟುಕೊಂಡು ನಿಂಬೆಹಣ್ಣು ಮಾರಿದವನು ಇವತ್ತು ಮಾರ್ಕೆಟ್ಟಿನಲ್ಲಿ ಸ್ವಂತ ಅಂಗಡಿ ಇಟ್ಟಿದ್ದೇನೆಂದರೆ ಸುಮ್ಮನೆ ಆಗುತ್ತದೆಯೇ?

ಅತ್ತೆ ಎಂದರೆ ನನ್ನ ಹೆಂಡತಿಯ ತಾಯಿ. ಸಿಂದಗಿ ಕಡೆಯ ಯಂಕಂಚಿಯವರು. ಮಾವ ತೀರಿಕೊಂಡ ಮೇಲೆ ಒಬ್ಬಳೇ ಮಗಳೆಂದು ನಮ್ಮ ಮನೆಗೆ ಬಂದರು. ಮಾವ ಹೋರಿ ಪಳಗಿಸುವುದರಲ್ಲಿ ಹೆಸರುವಾಸಿ. ನೊಗದ ಹೆಸರು ಕೇಳಿದರೆ ಒದೆಯುವ ಹೋರಿಗಳನ್ನೆಲ್ಲ ಸುತ್ತಲಿನ ಊರಿನವರು ಅವರ ಅಂಗಳಕ್ಕೆ ತಂದು ಕಟ್ಟಿ ಹೋಗುತ್ತಿದ್ದರು. ಅತ್ತೆ ಹೈಸ್ಕೂಲಿನ ಮೆಟ್ಟಿಲು ಹತ್ತಿ, ಮದುವೆಗೆಂದು ಅರ್ಧಕ್ಕೇ ಇಳಿದವರು. ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದಬಲ್ಲರು. ಇಷ್ಟೇ ಬಂಡವಾಳ ಇಟ್ಟುಕೊಂಡು ಅವರು ಕೈಹಾಕಿದ್ದು ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯಕ್ಕೆ!

ಪತ್ರಿಕೆ ತರಿಸಿದವನು ನಾನೇ, ಆದರೆ ಅವರಿಗಾಗಿ ಅಲ್ಲ. ನನ್ನ ಮಗಳು ಸವಿತಾ ಬ್ಯಾಂಕ್ ಪರೀಕ್ಷೆ ಬರೆಯುತ್ತಿದ್ದಳು. ಲೆಕ್ಕದಲ್ಲಿ ಚುರುಕು, ಇಂಗ್ಲಿಷ್ ಬಂದಲ್ಲಿ ಕಾಲು ಜಾರುತ್ತಿತ್ತು. ಸಂಪಾದಕೀಯ ಓದಿಸಿದರೆ ಶಬ್ದಸಂಪತ್ತು ಬೆಳೆಯುತ್ತದೆಂದು ಯಾರೋ ಹೇಳಿದರು. ಏಜೆಂಟರ ಹತ್ತಿರ ಹೋಗಿ, ಇಡೀ ವರ್ಷದ ಚಂದಾ ಒಮ್ಮೆಲೇ ಕಟ್ಟುತ್ತೇನೆಂದು ಆಸೆ ತೋರಿಸಿ, ಕೊಸರಾಡಿ, ಮೇಲೊಂದು ಪ್ಲಾಸ್ಟಿಕ್ ಬಕೆಟ್ಟನ್ನೂ ಇಸಿದುಕೊಂಡು ಬಂದೆ. ಸವಿತಾ ಗೆರೆ ಎಳೆದು ಎಳೆದು ಓದಿದಳು. ಫಲಿತಾಂಶ ಬಂತು. ಎರಡನೆಯ ಸಲವೂ ಇಂಗ್ಲಿಷೇ ಕೈಕೊಟ್ಟಿತ್ತು.

"ಸಾಕಪ್ಪಾ. ಇನ್ನ ನಾ ಬರ್ಯಾಂಗಿಲ್ಲ," ಅಂದಳು. ಪತ್ರಿಕೆಯ ಕಟ್ಟನ್ನು ಮಂಚದ ಕೆಳಗೆ ದೂಡಿದಳು.

ನಾನು ಸುಮ್ಮನಿರುವವನೇ? ದಿನಕ್ಕೆ ಐವತ್ತು ಶಬ್ದ ಬಾಯಿಪಾಠ ಮಾಡು, ನಸುಕಿನಲ್ಲಿ ಏಳು, ಕನ್ನಡಿಯ ಮುಂದೆ ನಿಂತು ಮಾತಾಡು ಎಂದು ಸಲಹೆಗಳನ್ನು ಸುರಿದೆ. ಅವಳು ಎಲ್ಲವನ್ನೂ ಕೇಳಿ, ಕೋಣೆಯ ಬಾಗಿಲನ್ನು ಮೆತ್ತಗೆ ಹಾಕಿಕೊಂಡಳು. ಧಡಾರನೆ ಹಾಕಿಕೊಂಡಿದ್ದರೂ ನನಗಷ್ಟು ಕಸಿವಿಸಿಯಾಗುತ್ತಿರಲಿಲ್ಲ. ಆಮೇಲೆ ಮನೆಯಲ್ಲಿ ಅವಳ ಧ್ವನಿ ಕೇಳುವುದೇ ಅಪರೂಪವಾಯಿತು.

ಪತ್ರಿಕೆಗೆ ಇದೆಲ್ಲ ಗೊತ್ತೇ? ವಿಜಯಪುರದ ಬಸ್ಸಿನಲ್ಲಿ ದಿನಾ ಬಂದು ಬೀಳುತ್ತಲೇ ಇತ್ತು. ಒಂದು ದಿನ ಅತ್ತೆ ಅದನ್ನು ಎತ್ತಿಕೊಂಡರು.

"ರೊಕ್ಕ ಕೊಟ್ಟ ಮ್ಯಾಲ ಯಾರರೆ ಓದಬೇಕಲ್ರಿ, ಅಳಿಯಂದ್ರ? ಮೇವು ಹಾಕಿ ಎತ್ತು ಸುಮ್ಮನ ಕಟ್ಟಿದಂಗ ಆಗಾಕತ್ತೈತಿ."

ಈ ಮಾತು ನನಗೆ ಒಪ್ಪಿಗೆಯಾಯಿತು. ಕನ್ನಡಕ ಏರಿಸಿ, ಸವಿತಾಳ ಕೋಣೆಯ ಬಾಗಿಲ ಮುಂದೆ ಚಾಪೆ ಹಾಸಿಕೊಂಡು ಕೂತರು. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೇನೋ ಎಂದುಕೊಂಡೆ.

ಅವರ ಪದ್ಧತಿ ಹೇಳುತ್ತೇನೆ, ನಿಮಗೂ ಉಪಯೋಗಕ್ಕೆ ಬಂದೀತು. "ಹೊಸಾ ಶಬ್ದ ಅಂದ್ರ ಹೋರಿ ಇದ್ದಂಗ್ರಿ. ಅದೊಂದನ್ನ ಹೂಡಿದ್ರ ನೊಗ ಮುರಕೊಂಡು ಓಡತೈತಿ. ಬಾಜೂಕ ಹಳೇ ಎತ್ತು ಬೇಕು." ಅಂದರೆ, ದಿನಕ್ಕೆ ಒಂದೇ ಇಂಗ್ಲಿಷ್ ಶಬ್ದ, ಅದರ ಪಕ್ಕಕ್ಕೊಂದು ಕನ್ನಡ ಮಾತು, ಎರಡನ್ನೂ ಜೋಡಿ ಕಟ್ಟಿ, ಹೊತ್ತು ಮುಳುಗುವುದರೊಳಗೆ ಜೀವಂತ ಮನುಷ್ಯನೊಬ್ಬನ ಮೇಲೆ ಹೂಡಬೇಕು. ಯಾರೂ ಸಿಗದಿದ್ದರೆ ಆ ಶಬ್ದ ದಕ್ಕಲಿಲ್ಲವೆಂದೇ ಲೆಕ್ಕ.

ಮೊದಲು ಸಿಕ್ಕವಳು ನನ್ನ ಹೆಂಡತಿ. "ಇವತ್ತಿನ ಸಾರು ಅನ್‌ಪ್ರೆಸಿಡೆಂಟೆಡ್-ಹಿಂದೆಂದೂ-ಕಾಣದ್ದು ಆಗೈತಿ," ಅಂದರು ಅತ್ತೆ. ಹೆಂಡತಿ ಸಂಜೆಯವರೆಗೂ ಹಿಗ್ಗಿನಲ್ಲಿದ್ದಳು. ಆಮೇಲೆ ಅನುಮಾನ ಬಂತು.

"ಅವ್ವಾ, ಚಲೋ ಆಗೈತಿ ಅಂದಿಯೋ, ಕೆಟ್ಟೈತಿ ಅಂದಿಯೋ?"

"ಅದನ್ನ ಸಂಪಾದಕರು ಬರದಿಲ್ಲವ್ವ."

ಮರುದಿನ ನನ್ನ ಪಾಳಿ. ಬಾಗಿಲ ಹೊರಗೆ ನಿಂತು ಸವಿತಾಗೆ ಜೀವನದಲ್ಲಿ ಮೇಲೆ ಬರುವುದು ಹೇಗೆಂದು ಹೇಳುತ್ತಿದ್ದೆ. ಅತ್ತೆ ತಲೆ ಎತ್ತದೆಯೇ, "ಇದು ಬರೇ ರೆಟರಿಕ್-ಬಾಯಿಬಡಾಯಿ ಐತ್ರಿ, ಅಳಿಯಂದ್ರ," ಅಂದರು. ಬಾಗಿಲ ಆಚೆ ಕಿಸಕ್ಕೆಂದು ಸದ್ದಾಯಿತು. ಎಷ್ಟೋ ದಿನಗಳ ಮೇಲೆ ಕೇಳಿದ ನಗು. ಆ ದರಕ್ಕೆ ನಗು ಸಿಗುವುದಾದರೆ ನಾನು ದಿನಾ ಬೈಸಿಕೊಳ್ಳಲು ತಯಾರಿದ್ದೆ.

ಇನ್ನೊಂದು ದಿನ ನನ್ನ ಬುತ್ತಿ ಹಿಡಿದು ಅಂಗಡಿಗೇ ಬಂದರು. ಸೊಲ್ಲಾಪುರದ ವ್ಯಾಪಾರಿಯೊಬ್ಬ ಗೋಣಿಚೀಲದಲ್ಲಿ ಕೈಯಾಡಿಸುತ್ತ ಕಾಯಿ ಸಣ್ಣ, ತೊಗಟೆ ದಪ್ಪ ಎಂದು ರೇಟು ಮುರಿಯುತ್ತಿದ್ದ. ಅತ್ತೆ ಬುತ್ತಿ ಕೆಳಗಿಟ್ಟು, "ನಿಮ್ಮ ರೇಟು ಅನ್‌ಟೆನೆಬಲ್-ನಿಲ್ಲಾಂಗಿಲ್ಲ," ಅಂದರು. ಅವನ ಕೈ ಚೀಲದಲ್ಲೇ ನಿಂತಿತು.

"ಕಾನೂನಿನ ಮಾತು ಯಾಕ್ರಿ, ಕಾಕೂ? ಒಂದೀಟು ಹೆಚ್ಚಿಗಿ ಕೊಡ್ತೇನಿ. ಇವರೂ ನಾವೂ ಕನ್ನಡದಾಗ ಮಾತಾಡ್ತೇವಿ, ನೀವು ಮನಿಗಿ ನಡೀರಿ."

ವರ್ಷದ ಚಂದಾ ಅವತ್ತೇ ವಸೂಲಾಯಿತು. ದಿನಾ ಬುತ್ತಿ ನೀವೇ ತರ್ರಿ ಎಂದು ಅತ್ತೆಗೆ ಹೇಳಿದೆ. ವ್ಯಾಪಾರಸ್ಥರಿಗೆ ನನ್ನದೊಂದು ಸಲಹೆ: ಸಂಪಾದಕೀಯದ ಶಬ್ದವನ್ನು ಗಿರಾಕಿಯ ಮೇಲೆ ಹೂಡಿ, ಸಾರಿನ ಮೇಲೆ ಬೇಡ.

ಒಂದೇ ತೊಂದರೆ, ಮರೆವು. ಮಾವ ಪಳಗಿಸಿದ ಯಾವ ಹೋರಿಗೆ ಎಲ್ಲಿ ಬಿಳಿ ಮಚ್ಚೆ ಇತ್ತೆಂದು ಇವತ್ತಿಗೂ ಹೇಳಬಲ್ಲ ಅತ್ತೆಗೆ, ನಿನ್ನೆಯ ಶಬ್ದ ಇವತ್ತು ನೆನಪಿರುತ್ತಿರಲಿಲ್ಲ. ವಯಸ್ಸಾಯಿತು, ಪಾಪ, ಅಂದುಕೊಂಡೆ.

"ಸವೀ, ಮಿಟಿಗೇಟ್ ಅಂದ್ರ ಹೆಚ್ಚು ಮಾಡೋದು ಹೌದಲ್ಲ?"

"ಕಡಿಮಿ ಮಾಡೋದು ಆಯಿ. ನಿನ್ನೆ ಹೇಳೇನಲ್ಲ," ಒಳಗಿನಿಂದ ಉತ್ತರ.

"ಇಲ್ಲವ್ವ, ಹೆಚ್ಚು ಮಾಡೋದ ಇರಬೇಕು. ಈ ಸಾಲು ಹಂಗ ಅನ್ನಾಕತ್ತೈತಿ."

ಬಾಗಿಲು ತೆರೆಯುತ್ತಿತ್ತು. ಅಜ್ಜಿಯದು ತಪ್ಪೆಂದು ತೋರಿಸಲು ಮೊಮ್ಮಗಳು ಇಡೀ ಲೇಖನ ಓದಬೇಕಾಗುತ್ತಿತ್ತು. "ಈ ಹಟಮಾರಿ ಮುದುಕಿ ಜೋಡಿ ಆಗಾಂಗಿಲ್ಲ ನನಗ," ಎಂದು ಗೊಣಗುತ್ತಲೇ ಚಾಪೆಯ ಮೇಲೆ ಕೂರುತ್ತಿದ್ದಳು. ಬರಬರುತ್ತ ವಾದದಲ್ಲಿ ಸೋಲಬಾರದೆಂದು ಅತ್ತೆಗಿಂತ ಮೊದಲೇ ಪತ್ರಿಕೆ ಬಿಡಿಸತೊಡಗಿದಳು.

ಆ ಹೊತ್ತಿಗೆ ಬಸವನ ಬಾಗೇವಾಡಿಯಿಂದ ಸಂಬಂಧಿಕರೊಬ್ಬರು ಸವಿತಾಗೆ ಗಂಡಿನ ಸುದ್ದಿ ತಂದರು. ಚಹಾ ಕುಡಿಯುತ್ತ, "ಹುಡುಗಿ ಪರೀಕ್ಷಾ-ಗಿರೀಕ್ಷಾ ಬಿಟ್ಟಾಳಂತಲ್ಲ, ಚಲೋ ಆತು ಬಿಡ್ರಿ," ಅಂದರು. ಚಾಪೆಯ ಮೇಲಿದ್ದ ಅತ್ತೆ ಕನ್ನಡಕ ಸರಿಮಾಡಿಕೊಂಡರು.

"ಈ ಮಾತು ಪ್ರಿಮೆಚೂರ್-ಹಳೇದಾದದ್ದು ಐತಿ, ನೋಡ್ರಿ."

"ಆಯಿ, ಹಳೇದಲ್ಲ," ಬಾಗಿಲಿಗೆ ಬಂದಳು ಸವಿತಾ. "ಹೊತ್ತಿಗಿಂತ ಮೊದಲ ಬಂದದ್ದು."

"ಯಾವುದಕ್ಕ ಮೊದಲವ್ವಾ?" ಬಂದವರು ಕೇಳಿದರು.

ಸವಿತಾ ಹೊಸ್ತಿಲು ದಾಟಿ ಹೊರಗೆ ಬಂದಳು. "ನನ್ನ ಪರೀಕ್ಷಾಕ್ಕ ಮೊದಲ್ರಿ, ಕಾಕಾ. ಈ ಸಲ ಮತ್ತ ಬರಿಯಾಕತ್ತೇನಿ."

ಅತ್ತೆ ಹಾಳೆ ತಿರುವಿದರು.

ಪರೀಕ್ಷೆಯ ದಿನ ಬೆಳಿಗ್ಗೆ ಸವಿತಾಳನ್ನು ವಿಜಯಪುರದ ಬಸ್ಸು ಹತ್ತಿಸಿ ಬಂದೆ. ಹೆಂಡತಿಯೂ ಜೊತೆಗೆ ಹೋದಳು. ಮಧ್ಯಾಹ್ನ ಊಟಕ್ಕೆ ಬಂದರೆ, ಅತ್ತೆ ಅದೇ ಚಾಪೆಯ ಮೇಲೆ ಅಂದಿನ ಪತ್ರಿಕೆಯನ್ನು ಹರವಿ ಉಪ್ಪಿನಕಾಯಿಗೆ ನಿಂಬೆಹಣ್ಣು ಹೆಚ್ಚುತ್ತಿದ್ದರು. ಸಂಪಾದಕೀಯದ ಮೇಲೆ ರಸ ಹರಿದಿತ್ತು.

"ಅತ್ತಿ, ಇವತ್ತಿನ ಶಬ್ದ ಯಾವುದ್ರಿ?"

"ಇವತ್ತ ಎಲ್ಲೀದ್ರಿ? ನೊಗ ಬಿಚ್ಚೇನಿ."

"ಇಷ್ಟು ದಿನ ಕಲ್ತು ಈಗ ಬಿಟ್ರ ಹೆಂಗ್ರಿ?"

"ಈ ವಯಸ್ಸಿನ್ಯಾಗ ಇಂಗ್ಲಿಷ್ ತಗೊಂಡು ನಾ ಏನ್ ಮಾಡ್ಲಿರಿ? ಹೋರಿ ಬಾಜೂಕ ಹಳೇ ಎತ್ತು ಹೂಡೋದು ಹೊಲದ ಸಲುವಾಗಿ ಅಲ್ರಿ, ಹೋರಿ ಸಲುವಾಗಿ. ಹೋರಿ ತಾನ ನಡಿಯಾಕತ್ತಿತು ಅಂದ್ರ ಹಳೇದರ ಕೆಲಸ ಮುಗೀತು."

ನನಗೆ ಯಾಕೋ ಪರೀಕ್ಷಿಸಬೇಕೆನಿಸಿತು. "ಮಿಟಿಗೇಟ್ ಅಂದ್ರ?"

"ಕಡಿಮಿ ಮಾಡೋದು," ಅಂದರು ಅತ್ತೆ. ಹಣ್ಣಿನ ಮೇಲಿನ ಕಣ್ಣು ತೆಗೆಯಲಿಲ್ಲ.

ಖಾಲಿ ಕೋಣೆಯ ಬಾಗಿಲು ತೆರೆದೇ ಇತ್ತು. ಅದರ ಮುಂದಿನ ಆ ಚಾಪೆಯನ್ನು ನೋಡಿದೆ. ಮನೆಯಲ್ಲಿ ಅದಕ್ಕಿಂತ ಸೆಕೆಯ ಜಾಗ ಇನ್ನೊಂದಿಲ್ಲ, ಫ್ಯಾನಿನ ಗಾಳಿ ಅಲ್ಲಿಗೆ ತಾಗುವುದೇ ಇಲ್ಲ.

ಊರಿಗೆಲ್ಲ ಸಲಹೆ ಕೊಡುವ ನನಗೆ ಅವತ್ತು ಕೊಡಲು ಒಂದೂ ಇರಲಿಲ್ಲ. ಹೋಳುಗಳನ್ನು ಬದಿಗೆ ಸರಿಸಿ, ತೊಯ್ದ ಹಾಳೆಯನ್ನು ಮೆಲ್ಲಗೆ ಎಳೆದುಕೊಂಡೆ.

"ಅತ್ತಿ, ಇದೊಂದು ಶಬ್ದ ನನಗ ತಿಳಿಯಾಂಗಿಲ್ಲರಿ. ಹೊತ್ತು ಇನ್ನ ಮುಳುಗಿಲ್ಲ."

ಅತ್ತೆ ನನ್ನ ಮುಖ ನೋಡಿದರು. ಸೆರಗಿಗೆ ಕೈ ಒರೆಸಿಕೊಂಡು ಕನ್ನಡಕ ಹುಡುಕಿದರು. ಆಮೇಲೆ ಚಾಪೆಯ ಮೇಲೆ ಒಂದು ಮಗ್ಗುಲಿಗೆ ಸರಿದು, ಪಕ್ಕದಲ್ಲಿ ನನಗೆ ಜಾಗ ಮಾಡಿಕೊಟ್ಟರು.