ಅರವತ್ಮೂರು ಬಹುಮಾನ, ನನ್ನ ಒಂದು ಹೆಬ್ಬೆರಳು

ಲಯದ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳುವ ಅಗತ್ಯವಿಲ್ಲ ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ನಂಬುವುದಕ್ಕೆ ಕಾರಣಗಳೂ ಇದ್ದವು. ವಾರಕ್ಕೆ ನಾಲ್ಕು ದಿನ ಶಿರಸಿಯಲ್ಲಿ, ಎರಡು ದಿನ ಸಿದ್ದಾಪುರದಲ್ಲಿ ತಬಲಾ ಕ್ಲಾಸು ನಡೆಸುತ್ತಿದ್ದೆ. ಭಜನೆಯಲ್ಲಿ ಯಾರಾದರೂ ತಾಳ ತಪ್ಪಿದರೆ ಮೊದಲು ನನ್ನ ಮುಖ ನೋಡುತ್ತಿದ್ದರು. ಊಟದ ಪಂಕ್ತಿಯಲ್ಲಿ ಕೂತರೂ ಬಡಿಸುವವನ ಸೌಟಿನ ಸಪ್ಪಳದಲ್ಲಿ ತಾಳದ ಮಾತ್ರೆ ಎಣಿಸುವ ಚಟ ನನ್ನದು. ಇಂಥ ಮನುಷ್ಯ ಒಂದು ಪ್ಲಾಸ್ಟಿಕ್ ಚಾಪೆಯ ಮುಂದೆ ಸೋತ! ಸೋತಿದ್ದರೆ ಅಡ್ಡಿಯಿಲ್ಲ, ಹೆಂಡತಿ ಗೆದ್ದಿದ್ದನ್ನೂ ಅಳಿಸಿ ಹಾಕಿದ.

ಆ ಚಾಪೆ ನಮ್ಮ ಮನೆಗೆ ಬಂದದ್ದು ಹುಬ್ಬಳ್ಳಿಯಿಂದ. ನನ್ನ ಹೆಂಡತಿ ಸುಮಂಗಲೆಯ ತಮ್ಮ ಪ್ರಭಾಕರ ಅಲ್ಲಿ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದ. ಅಂಗಡಿ ಮುಚ್ಚುವಾಗ ಉಳಿದ ಒಂದು ಆಟದ ಪೆಟ್ಟಿಗೆ, ಒಂದು ಸಿ.ಡಿ., ನಾಲ್ಕು ದಿಕ್ಕಿಗೆ ನಾಲ್ಕು ಬಾಣ ಬರೆದ ಚಾಪೆ, ಇಷ್ಟನ್ನು ಗೋಣಿಚೀಲದಲ್ಲಿ ಕಟ್ಟಿ ಬಸ್ಸಿಗೆ ಹಾಕಿ ಕಳಿಸಿದ. ಆಟ ಸುಲಭ. ಟೀವಿಯಲ್ಲಿ ಹಾಡು ಬರುತ್ತದೆ, ಒಬ್ಬಳು ಹುಡುಗಿ ಕುಣಿಯುತ್ತಾಳೆ, ಕೆಳಗಿನಿಂದ ಬಾಣಗಳು ಮೇಲೇರುತ್ತವೆ. ಬಾಣ ಮೇಲಿನ ಗೆರೆ ಮುಟ್ಟಿದ ಕ್ಷಣಕ್ಕೆ ಸರಿಯಾಗಿ ಚಾಪೆಯ ಮೇಲಿನ ಅದೇ ಬಾಣವನ್ನು ತುಳಿಯಬೇಕು. ಅಷ್ಟೆ. ನಾನು ಒಂದು ಸಲ ನೋಡಿ, ಮಕ್ಕಳಾಟ ಎಂದು ಹೇಳಿ ಪೇಪರ್ ಓದಲು ಹೋದೆ. ನಮಗೆ ಮಕ್ಕಳಿರಲಿಲ್ಲ. ಆದ್ದರಿಂದ ಆ ಗೋಣಿಚೀಲವನ್ನು ನಾನು ಮರೆತೇಬಿಟ್ಟೆ.

ಏಳು ತಿಂಗಳು ಕಳೆಯಿತು.

ಒಂದು ದಿನ ಸಿದ್ದಾಪುರದ ಕ್ಲಾಸು ನಡೆಯದೆ ಮಧ್ಯಾಹ್ನವೇ ಮನೆಗೆ ಬಂದೆ. ನಾವಿದ್ದದ್ದು ಬಾಡಿಗೆ ಮನೆಯ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗಲೇ ದಡ ದಡ ಸಪ್ಪಳ. ಬಾಗಿಲಲ್ಲಿ ನಿಂತು ನೋಡುತ್ತೇನೆ, ನಲವತ್ತೆರಡು ವರ್ಷದ ನನ್ನ ಹೆಂಡತಿ ಸೀರೆಯ ಸೆರಗು ಸೊಂಟಕ್ಕೆ ಬಿಗಿದು, ನೆರಿಗೆ ಎತ್ತಿ ಕಟ್ಟಿ ಕುಣಿಯುತ್ತಿದ್ದಾಳೆ! ಹೊಲಿಗೆ ಮಷಿನ್ ತುಳಿದೂ ತುಳಿದೂ ಪಳಗಿದ ಆ ಕಾಲುಗಳು ಬಾಣದಿಂದ ಬಾಣಕ್ಕೆ ಹಾರುತ್ತಿವೆ. ಮುಖದ ತುಂಬ ಬೆವರು, ನಗು. ಅಂಥ ನಗುವನ್ನು ನಾನು ನೋಡಿ ಎಷ್ಟು ವರ್ಷವಾಗಿತ್ತೋ.

ಆಗ ನಾನು ಮಾಡಬೇಕಾಗಿದ್ದ ಕೆಲಸ ಒಂದೇ. ಸದ್ದಿಲ್ಲದೆ ಮೆಟ್ಟಿಲಿಳಿದು, ಅರ್ಧ ತಾಸು ಬಿಟ್ಟು ಕೆಮ್ಮುತ್ತ ಬರಬೇಕಿತ್ತು. ನಾನು ಹೇಳಿದ್ದೇನು?

"ಲಯ ಸ್ವಲ್ಪ ಓಡ್ತಾ ಇದ್ದು."

ಅವಳು ಬೆಚ್ಚಿ ನಿಂತಳು. ನೆರಿಗೆ ಇಳಿಸಿದಳು. "ನಿಂಗ ಸಿದ್ದಾಪುರಕ್ಕೆ ಹೋಗಿದ್ರಲ್ದ?"

"ಅದಿರ್ಲಿ. ಲಯ ಓಡ್ತಾ ಇದ್ದು."

"ಓಡಿದ್ರೆ ಅದು ಬಹುಮಾನ ಕೊಡ್ತಿತ್ತಿಲ್ಲೆ," ಎಂದಳು.

ಆ ಸಿ.ಡಿ.ಯಲ್ಲಿ ಚಾಲೆಂಜ್ ಎಂದೊಂದು ಭಾಗವಿತ್ತು. ಸಾಲಾಗಿ ನೂರು ಪರೀಕ್ಷೆ. ಒಂದೊಂದಕ್ಕೂ ಒಂದೊಂದು ಷರತ್ತು, ಗೆದ್ದರೆ ಒಂದೊಂದು ಬಹುಮಾನ. ಒಮ್ಮೆ ಹೊಸ ಹಾಡು ತೆರೆದುಕೊಳ್ಳುತ್ತದೆ, ಒಮ್ಮೆ ಕುಣಿಯುವ ಹುಡುಗಿಗೆ ಹೊಸ ಬಟ್ಟೆ ಸಿಗುತ್ತದೆ. ಸುಮಂಗಲೆ ಅರವತ್ಮೂರು ಗೆದ್ದಿದ್ದಳು! ಒಂದೊಂದನ್ನೇ ತೋರಿಸಿದಳು. ಹಸಿರು ಅಂಗಿ, ಜರಿ ಪಟ್ಟಿಯ ಜಾಕೀಟು, ಮಳೆ ಹಿನ್ನೆಲೆಯ ವೇದಿಕೆ. "ಈ ಲಂಗದ ನೆರಿಗೆ ಮಾತ್ರ ಸರಿ ಇಲ್ಲೆ, ಯಾರು ಹೊಲಿದ್ವೋ," ಎಂದು ದರ್ಜಿಯ ಕಣ್ಣಿನಿಂದ ತಕರಾರನ್ನೂ ತೆಗೆದಳು. ಅರವತ್ನಾಲ್ಕನೆಯದರಲ್ಲಿ ಒಂಬತ್ತು ದಿನದಿಂದ ಸಿಕ್ಕಿಬಿದ್ದಿದ್ದಳು. ಹಾಡು ದುಪ್ಪಟ್ಟು ವೇಗ, ಒಂದು ಹೆಜ್ಜೆಯೂ ತಪ್ಪಬಾರದು.

"ಅದೊಂದು ಆನು ಮಾಡಿಕೊಡ್ತೆ ಬಿಡು," ಎಂದು ನಾನೇ ಮುಂದೆ ಬಂದೆ.

"ಬೇಡ. ಆನೇ ಮಾಡ್ತೆ."

ಆ 'ಬೇಡ' ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ನಮ್ಮ ಕೆಳಗಿನ ಮನೆಯಲ್ಲಿದ್ದವರು ಮನೆ ಮಾಲೀಕರಾದ ಬಸಣ್ಣನವರು. ಬನವಾಸಿ ಕಡೆಯವರು, ಬೆಲ್ಲದ ವ್ಯಾಪಾರಿ. ಮರುದಿನ ಕಟ್ಟೆಯ ಮೇಲೆ ಸಿಕ್ಕಿ, "ಏನ್ರಿ ಮಾಸ್ತರ್ರ, ಮಧ್ಯಾಹ್ನ ಮ್ಯಾಲೆ ಭತ್ತ ಕುಟ್ಟಾಕ ಹಚ್ಚೀರೇನು?" ಎಂದರು. ಇದ್ದದ್ದನ್ನು ಹೇಳಿ ಸುಮ್ಮನಾಗಬಹುದಿತ್ತು. ನಾನು ಎದೆಯುಬ್ಬಿಸಿ, "ಅದು ಲಯದ ಪರೀಕ್ಷೆ. ಭಾನುವಾರ ಬನ್ನಿ, ಯಂತ್ರವನ್ನು ಸೋಲಿಸಿ ತೋರಿಸುತ್ತೇನೆ," ಎಂದು ಆಮಂತ್ರಣ ಕೊಟ್ಟೆ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಸಣ್ಣನವರು ಶುಭ್ರ ಬಿಳಿ ಅಂಗಿ ಹಾಕಿಕೊಂಡು ಬಂದು ಕುರ್ಚಿಯಲ್ಲಿ ಕೂತರು. ಸುಮಂಗಲೆ ಅವಲಕ್ಕಿ ಕಲಸಲು ಒಳಗೆ ಹೋದಳು. ನಾನು ಪಂಚೆ ಎತ್ತಿ ಕಟ್ಟಿ, ಚಾಪೆಗೆ ನಮಸ್ಕಾರ ಮಾಡಿ, ನೇರವಾಗಿ ಅರವತ್ನಾಲ್ಕನೆಯದಕ್ಕೇ ಕೈ ಹಾಕಿದೆ. ಕ್ಷಮಿಸಿ, ಕಾಲು ಹಾಕಿದೆ.

ಹಾಡು ಶುರುವಾಯಿತು. ಬಾಣಗಳು ಬಂದವು. ಬಂದವು ಎಂದರೆ, ಜೇನುಗೂಡಿಗೆ ಕಲ್ಲು ಹೊಡೆದಂತೆ ಬಂದವು! ಎಡಗಾಲು ಬಲಕ್ಕೆ ಹೋಯಿತು, ಬಲಗಾಲು ಎಡಗಾಲಿನ ಮೇಲೆ ನಿಂತಿತು, ಪಂಚೆ ಎಲ್ಲಿಗೂ ಹೋಗದೆ ಎರಡನ್ನೂ ಹಿಡಿದುಕೊಂಡಿತು. ಹನ್ನೊಂದು ಸೆಕೆಂಡು. ಆಟ ಮುಗಿಯಿತು. ಟೀವಿಯ ಹುಡುಗಿ ತಲೆ ತಗ್ಗಿಸಿ ನಿಂತಳು.

"ಆತೇನ್ರಿ?" ಎಂದರು ಬಸಣ್ಣನವರು.

"ಯಂತ್ರದ ಲಯದಲ್ಲೇ ದೋಷವಿದೆ," ಎಂದು ತೀರ್ಪು ಕೊಟ್ಟೆ.

ಇನ್ನೂ ನಾಲ್ಕು ಸಲ ಆಡಿದೆ. ಯಂತ್ರದ ದೋಷ ನಾಲ್ಕು ಸಲವೂ ಹಾಗೇ ಇತ್ತು. ಆಗ ನನಗೊಂದು ಮಹತ್ತರ ಯೋಚನೆ ಹೊಳೆಯಿತು. ವಿದ್ಯೆ ಇರುವುದು ಕೈಯಲ್ಲಿ, ಕಾಲನ್ನೇಕೆ ನಂಬಬೇಕು? ಚಾಪೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತೆ. ತಬಲಾದ ಹಾಗೆ ಚಾಪೆಯನ್ನೇ ಬಾರಿಸತೊಡಗಿದೆ. ಅರವತ್ನಾಲ್ಕು ಆಗಲೂ ಬಗ್ಗಲಿಲ್ಲ. ಸರಿ, ಪದ್ಧತಿ ಪ್ರಕಾರ ಮೊದಲಿನಿಂದ ಬರೋಣ ಎಂದು ಹೊಸ ಆಟ ಶುರು ಮಾಡಿದೆ. ಒಂದನೇ ಪರೀಕ್ಷೆ, ಗೆದ್ದೆ! ಎರಡನೆಯದು, ಗೆದ್ದೆ! ಮೂರನೆಯದೂ ಗೆದ್ದೆ. ಹುಡುಗಿಯ ತಲೆಯ ಮೇಲೆ ಹೊಳೆಯುವ ಟೋಪಿ ಬಂದು ಕೂತಿತು.

"ಮಾಸ್ತರ್ರಿಗೆ ಟೋಪಿ ಬಂತ ನೋಡ್ರಿ!" ಎಂದು ಬಸಣ್ಣನವರು ಚಪ್ಪಾಳೆ ತಟ್ಟಿದರು.

ಅದೇ ಹೊತ್ತಿಗೆ ಟೀವಿಯಲ್ಲಿ ಇಂಗ್ಲಿಷಿನ ಎರಡು ಸಾಲು ಮೂಡಿದವು. ಗೆದ್ದದ್ದನ್ನೆಲ್ಲ ಕೂಡಿಡಲು ಪೆಟ್ಟಿಗೆಗೆ ಬೆರಳಗಲದ ಒಂದು ಕಾರ್ಡು ಸಿಕ್ಕಿಸಿತ್ತು. ಅದರಲ್ಲಿ ಜಾಗ ಇದ್ದದ್ದು ಒಂದೇ ಆಟಕ್ಕೆ. ಹಳೆಯದೊಂದು ಅದರಲ್ಲಿದೆ, ಅದನ್ನು ಅಳಿಸಿ ಇದನ್ನು ಬರೆಯಲೇ ಎಂದು ಯಂತ್ರ ವಿನಯದಿಂದ ಕೇಳುತ್ತಿತ್ತು. ನನಗೆ ಇಂಗ್ಲಿಷ್ ಬರುವುದಿಲ್ಲವೆಂದಲ್ಲ. ಓದುವ ವ್ಯವಧಾನ ಇರಲಿಲ್ಲ. ಚಪ್ಪಾಳೆಯ ಗುಂಗಿನಲ್ಲಿ ಹೆಬ್ಬೆರಳಿನಿಂದ ಚಾಪೆಯ ಬಾಣ ಒತ್ತಿ 'ಯೆಸ್' ಎಂದೆ. ಒತ್ತಿದ್ದು ಮಾತ್ರ ಸರಿಯಾಗಿ ಸಮ್‌ಗೆ, ತಾಳದ ಮೊದಲ ಪೆಟ್ಟಿಗೇ, ಬಿತ್ತು!

ಸುಮಂಗಲೆ ಅವಲಕ್ಕಿ ತಟ್ಟೆ ಹಿಡಿದು ಹೊರಗೆ ಬಂದಳು. ಟೀವಿ ನೋಡಿದಳು. ಬಹುಮಾನಗಳ ಪಟ್ಟಿಯಲ್ಲಿ ಮೂರು ಚಿತ್ರ. ಉಳಿದ ಮನೆಗಳೆಲ್ಲ ಖಾಲಿ.

"ಯಂದು ಅರವತ್ಮೂರು ಎಲ್ಲಿ ಹೋತು?"

ಬಸಣ್ಣನವರು ತಟ್ಟೆಯನ್ನೂ ಮುಟ್ಟದೆ, "ಅಂಗಡ್ಯಾಗ ಕೆಲಸ ಐತಿ, ಬರ್ತೀನ್ರಿ," ಎಂದು ಎದ್ದರು. ಭಾನುವಾರ ಅವರ ಅಂಗಡಿಗೆ ರಜೆ.

ಅವಳು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ. "ಆತು ಬಿಡಿ. ಆಟ ಅಲ್ದ," ಎಂದು ಯಾರದೋ ರವಿಕೆಗೆ ಗುಂಡಿ ಹಚ್ಚುತ್ತ ಕೂತಳು.

ಪ್ರಭಾಕರನಿಗೆ ಫೋನ್ ಮಾಡಿದೆ. "ಎಂತಾ ಭಾವ, ಎಲ್ಲಾ ಅಳಿಸಿ ಹಾಕಿದ್ಯಾ?" ಎಂದ ಅವನು. "ಸಣ್ಣಕಿದ್ದಾಗ ಅಕ್ಕಂಗೆ ಕುಣಿತ ಕಲಿಯ ಆಸೆ ಇತ್ತು. ಮನೇಲಿ ಬಿಟ್ಟಿದ್ವಿಲ್ಲೆ. ಈಗ ಒಂದೊಂದು ಬಹುಮಾನ ಬಂದಾಗ್ಲೂ ಯಂಗೆ ಫೋನ್ ಮಾಡಿ ಹೇಳ್ತಿತ್ತು. ನಿನ್ನ ಹತ್ರ ಹೇಳಿದ್ದಿಲ್ಯ?"

ಹೇಳಿರಲಿಲ್ಲ. ಯಾಕೆ ಹೇಳಿರಲಿಲ್ಲ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಉತ್ತರ ನನಗೆ ಗೊತ್ತಿತ್ತು. ಹೇಳಿದ್ದರೆ ನಾನು ಲಯ ಓಡುತ್ತಿದೆ ಎನ್ನುತ್ತಿದ್ದೆ.

ಅಳಿಸಿದ್ದು ವಾಪಸು ಬರುವುದಿಲ್ಲ ಎಂದ ಪ್ರಭಾಕರ. ಆದರೆ ಅವನ ಅಂಗಡಿಯ ಸಾಮಾನು ಕೊಂಡವರೊಬ್ಬರು ಯಲ್ಲಾಪುರದಲ್ಲಿ ಇದ್ದಾರೆ, ಅವರ ಹತ್ತಿರ ನೂರೂ ಪರೀಕ್ಷೆ ಗೆದ್ದ ಕಾರ್ಡು ಇರಬಹುದು ಎಂದ. ನನ್ನ ಮುಖಕ್ಕೆ ಕಳೆ ಬಂತು. ಮರುದಿನದ ಮೊದಲ ಬಸ್ಸಿಗೆ ಯಲ್ಲಾಪುರಕ್ಕೆ ಹೋದೆ. ಆ ಪುಣ್ಯಾತ್ಮ ತನ್ನ ಹತ್ತಿರ ಎರಡಿವೆ ಎಂದು ಒಂದನ್ನು ಕೊಟ್ಟೇಬಿಟ್ಟ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನು ಅಂಗಿಯ ಜೇಬಿನಲ್ಲಿ ಒತ್ತಿ ಹಿಡಿದು, ಕಳೆದುಹೋದ ಮಾಂಗಲ್ಯ ಹುಡುಕಿ ತಂದವನ ಠೀವಿಯಲ್ಲಿ ಮನೆ ಸೇರಿದೆ.

ಸಿಕ್ಕಿಸಿ ತೋರಿಸಿದೆ. ಎಲ್ಲಾ ಹಾಡು, ಎಲ್ಲಾ ಬಟ್ಟೆ, ಎಲ್ಲಾ ವೇದಿಕೆ. ಅವಳು ಗೆಲ್ಲಲಾರದೆ ಹೋದ ಅರವತ್ನಾಲ್ಕನೆಯದರ ನೇರಳೆ ಲಂಗವೂ ಇತ್ತು.

"ಯಾರು ಗೆದ್ದಿದ್ದು?" ಎಂದು ಕೇಳಿದಳು.

"ಯಲ್ಲಾಪುರದಲ್ಲಿ ಯಾರೋ."

"ಹಂಗಾರೆ ಅವರದ್ದು." ಕಾರ್ಡನ್ನು ಕಿತ್ತು ನನ್ನ ಅಂಗೈಯಲ್ಲಿಟ್ಟಳು.

ಆಮೇಲೆ ನಾನೇ ಅರವತ್ಮೂರನ್ನೂ ಗೆದ್ದು ಕೊಡುತ್ತೇನೆಂದು ಹೊರಟೆ. ಕೈಯಿಂದಲ್ಲ, ಕಾಲಿನಿಂದಲೇ. ಎಂಟನೆಯದರಲ್ಲಿ ಪಾದ ಉಳುಕಿತು. ಹದಿನೈದು ದಿನ ಕಾಲಿಗೆ ಎಣ್ಣೆ ತಿಕ್ಕಿಕೊಂಡೆ. ತಿಕ್ಕಿದವಳು ಅವಳೇ. ತಿಕ್ಕುತ್ತ, "ಅದು ನಿಂಗ ಗೆದ್ರೂ ನಿಂಗಳದ್ದೇ ಆಗ್ತು. ಬಿಟ್ಟಾಕಿ," ಎಂದಳು. ಇಷ್ಟು ಸಣ್ಣ ವಿಷಯ ತಿಳಿಯಲು ನನಗೆ ಒಂದು ಪಾದ ಬೇಕಾಯಿತು.

"ಹಂಗಾರೆ ನೀನೇ ಮತ್ತೆ ಶುರು ಮಾಡ್ತ್ಯನೆ?" ಎಂದೆ.

"ನಿಂಗ ಮನೇಲಿ ಇಲ್ಲದ ಹೊತ್ತಲ್ಲಿ ನೋಡನ."

ಅಂದಿನಿಂದ ಕ್ಲಾಸಿಲ್ಲದ ದಿನವೂ ಮಧ್ಯಾಹ್ನ ಮೂರಕ್ಕೆ ನಾನು ಮನೆ ಬಿಡುತ್ತಿದ್ದೆ. ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಒಂದು ತಾಸು ಕೂತು, ಯಾವ ಬಸ್ಸನ್ನೂ ಹತ್ತದೆ ವಾಪಸು ಬರುತ್ತಿದ್ದೆ. ಅವಳನ್ನು ಕೇಳುವ ಧೈರ್ಯವಿರಲಿಲ್ಲ. ಬಸಣ್ಣನವರ ಬಾಗಿಲಲ್ಲಿ ನಿಂತು, "ಇವತ್ತು ಮೇಲೆ ಸಪ್ಪಳ ಆಯಿತಾ?" ಎಂದು ಕೇಳುತ್ತಿದ್ದೆ.

"ಇಲ್ಲ ಬಿಡ್ರಿ," ಎನ್ನುತ್ತಿದ್ದರು. ಮೊದಮೊದಲು ನಕ್ಕು ಹೇಳುತ್ತಿದ್ದರು. ಬರಬರುತ್ತ ನಾನು ಕೇಳುವ ಮೊದಲೇ ತಲೆ ಅಲ್ಲಾಡಿಸತೊಡಗಿದರು.

ಎರಡು ತಿಂಗಳಾಗಿತ್ತೇನೋ. ಒಂದು ದಿನ ನಾನು ವಾಪಸು ಬರುತ್ತಿದ್ದಂತೆ ಅವರೇ ಬಾಗಿಲಿಗೆ ಓಡಿ ಬಂದು, "ಮಾಸ್ತರ್ರ, ಈಗ ಮ್ಯಾಲೆ ದಡಾದಡಾ ಅಂತ್ರಿ!" ಎಂದರು. ಕೇಳಿಸಿಕೊಳ್ಳುವಷ್ಟರಲ್ಲಿ ಇನ್ನೊಮ್ಮೆ ದಡ್ ಎಂದಿತು. ನನಗೂ ಕೇಳಿತು! ಉಳುಕಿದ ಪಾದದ ನೆನಪೂ ಇಲ್ಲದೆ ಎರಡೆರಡು ಮೆಟ್ಟಿಲು ಹಾರಿ ಬಾಗಿಲು ತಳ್ಳಿದೆ.

ಸುಮಂಗಲೆ ಸ್ಟೂಲಿನ ಮೇಲೆ ನಿಂತಿದ್ದಳು. ಅಟ್ಟದಿಂದ ತೆಗೆಯುವಾಗ ಅವಳ ದಾರದುಂಡೆಯ ಡಬ್ಬಿಗಳು ಕೈಜಾರಿ ಒಂದರ ಹಿಂದೊಂದು ನೆಲಕ್ಕೆ ಬಿದ್ದಿದ್ದವು.

"ಎಂತ ಆತು? ಹಿಂಗೆ ಓಡಿ ಬಂದ್ರಲಿ," ಎಂದಳು ಗಾಬರಿಯಿಂದ.

"ಎಂತ ಇಲ್ಲೆ," ಎಂದೆ. ಬಗ್ಗಿ ದಾರದುಂಡೆ ಹೆಕ್ಕತೊಡಗಿದೆ. ಡಬ್ಬಿ ಬಿದ್ದ ಸಪ್ಪಳಕ್ಕೂ ಹೆಂಡತಿ ಕುಣಿದ ಸಪ್ಪಳಕ್ಕೂ ವ್ಯತ್ಯಾಸ ತಿಳಿಯದ ತಬಲಾ ಮಾಸ್ತರ ಇಡೀ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು!